ನೀಲಿ ಪಿಕಪ್ಪನ್ನು ಬೈದವರು

"ಯಾವ ಕಡೆ ನೋವು?" ಎಂದು ಕೇಳಿದಳು ಜಾಜಿಯಾ.

ವಸೀಲಾ ಎಡಗೆನ್ನೆ ಹಿಡಿದುಕೊಂಡಿದ್ದಳು. "ಈ ಕಡೆ."

"ಬೆಳಿಗ್ಗೆ ಆ ಕಡೆ ಹಿಡ್ಕೊಂಡಿದ್ದೆ."

ವಸೀಲಾ ಸ್ವಲ್ಪ ಯೋಚಿಸಿದಳು. "ಅದು ಓಡಾಡೋ ನೋವು ಕಣೇ," ಎಂದಳು.

ಜಾಜಿಯಾ ಅವಳನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಬ್ಯಾಗಿನಿಂದ ಖರ್ಜೂರ ತುಂಬಿದ ರವೆಯ ಮಿಠಾಯಿ ತೆಗೆದು ಎರಡು ತುಂಡನ್ನೂ ತಾನೇ ತಿಂದಳು. ನೋಯುವ ಹಲ್ಲಿಗೆ ಸಿಹಿ ಒಳ್ಳೆಯದಲ್ಲವಲ್ಲ, ಅದಕ್ಕೆ.

ನಿಜ ಹೇಳಬೇಕೆಂದರೆ ವಸೀಲಾಗೆ ಯಾವ ಹಲ್ಲೂ ನೋಯುತ್ತಿರಲಿಲ್ಲ. ಹತ್ತು ವರ್ಷದ ಆ ಹುಡುಗಿಯ ಹಲ್ಲುಗಳು ಬಾದಾಮಿಯನ್ನು ಸಿಪ್ಪೆ ಸಮೇತ ಒಡೆಯುವಂಥವು. ಕೆನ್ನೆ ಹಿಡಿದುಕೊಂಡು ಕೂರುವ ಕೆಲಸವನ್ನು ಮನೆಯವರು ಅವಳಿಗೆ ಒಪ್ಪಿಸಿದ್ದರು. ಯಾಕೆಂದರೆ ಮನೆಯಲ್ಲೊಂದು ಗುಟ್ಟಿತ್ತು.

ಗುಟ್ಟು ಇಷ್ಟೇ. ಅವಳ ಅಪ್ಪ ತಿಜಾನಿ ಶನಿವಾರ ಪಟ್ಟಣದ ಸಂತೆಗೆ ಹೋಗಿ ಒಂದು ಹಳೇ ಪಿಕಪ್ ಕೊಳ್ಳುವವನಿದ್ದ. ಇದರಲ್ಲಿ ಮುಚ್ಚಿಡುವಂಥದ್ದು ಏನಿದೆ ಎಂದು ಬೇರೆ ಕಡೆಯವರು ಕೇಳಿಯಾರು. ನಮ್ಮ ಕಡೆ ಹಾಗಲ್ಲ. ಕೊಳ್ಳುವ ಮೊದಲೇ ಸುದ್ದಿ ಊರಿಗೆ ಬಿದ್ದರೆ ಊರಿನ ಕಣ್ಣೆಲ್ಲ ಗಾಡಿಗೆ ತಾಗುತ್ತದೆ. ಕಣ್ಣು ತಾಗಿದ ಗಾಡಿ ಮನೆ ಮುಟ್ಟುವ ಮೊದಲೇ ಕೆಟ್ಟು ನಿಲ್ಲುತ್ತದೆ. ಆದ್ದರಿಂದ ಗಾಡಿ ಕೊಳ್ಳುವವರು ಯಾರಿಗೂ ಹೇಳುವುದಿಲ್ಲ, ಯಾರನ್ನೂ ಕೇಳುವುದಿಲ್ಲ. ಕಣ್ಣು ತಾಗುವುದು ಇದರಿಂದ ನಿಂತಿದೆಯಂತೆ. ಗಾಡಿ ಕೆಡುವುದು ಮಾತ್ರ ನಿಂತಿಲ್ಲ.

ಅಪ್ಪ ಸುಮ್ಮನೆ ಪಟ್ಟಣಕ್ಕೆ ಹೋದರೆ ಊರು ಯಾಕೆ ಎಂದು ಕೇಳುತ್ತದೆ. ಮಗಳನ್ನು ಕರೆದುಕೊಂಡು ಹೋದರೆ ಹಲ್ಲಿನ ಡಾಕ್ಟರ ಹತ್ತಿರ ಅಂದರಾಯಿತು. ಈ ಉಪಾಯ ಅಜ್ಜಿಯದು. ಅಜ್ಜಿಯ ಬಾಯಲ್ಲಿ ಹಲ್ಲಿರಲಿಲ್ಲ, ಉಪಾಯಗಳಿಗೆ ಕೊರತೆ ಇರಲಿಲ್ಲ.

ಪಿಕಪ್ ಬೇಕೇ ಬೇಕಾಗಿತ್ತು. ಹೋದ ವರ್ಷ ಆಲಿವ್ ಕಾಯಿ ಕಿತ್ತು ಚೀಲ ಕಟ್ಟಿಟ್ಟು ಬಾಡಿಗೆ ಗಾಡಿಯವನಿಗೆ ಹೇಳಿ ಕಳಿಸಿದ್ದರು. ನಾಳೆ ಬರ್ತೀನಿ, ದೇವರ ಇಚ್ಛೆ ಇದ್ದರೆ, ಅಂದ. ಮಾರನೆಯ ದಿನವೂ ಅದನ್ನೇ ಅಂದ. ದೇವರ ಇಚ್ಛೆ ಎಲ್ಲಿತ್ತೋ, ಅವನ ಇಚ್ಛೆಯಂತೂ ದೊಡ್ಡ ತೋಟದವರ ಕಡೆಗಿತ್ತು. ಅವನು ಬರುವಷ್ಟರಲ್ಲಿ ಕಾಯಿ ಚೀಲದಲ್ಲೇ ಬಿಸಿಯೇರಿ ಹುಳಿಬಿಟ್ಟಿತ್ತು. ಗಾಣದಿಂದ ಬಂದ ಎಣ್ಣೆಯನ್ನು ಯಾರೂ ಕೊಳ್ಳಲಿಲ್ಲ. ಅಜ್ಜಿ ಅದನ್ನು ಬಾಗಿಲಿನ ಕೀಲಿಗೆ ಹಾಕಿದಳು. ಕೀಲು ಮೊದಲಿಗಿಂತ ಜೋರಾಗಿ ಕಿರುಗುಟ್ಟಿತು.

ಈ ವರ್ಷ ಅಪ್ಪ ಹಸು ಮಾರಿದ್ದ. ಮನೆಯಲ್ಲಿದ್ದದ್ದು ಅದೊಂದೇ ಹಸು. ಇನ್ನು ಮಾರುವುದಕ್ಕೆ ಉಳಿದಿದ್ದು ಅಜ್ಜಿಯ ಉಪಾಯಗಳು ಮಾತ್ರ. ಕೊಳ್ಳುವ ಪಿಕಪ್ ಕೈಕೊಟ್ಟರೆ ಈ ಸಲ ಎಣ್ಣೆಯೂ ಇಲ್ಲ, ಹಾಲೂ ಇಲ್ಲ. ಅದು ವಸೀಲಾಗೂ ಗೊತ್ತಿತ್ತು. ಅದಕ್ಕೇ ಅವಳು ಶುಕ್ರವಾರವೆಲ್ಲ ಕೆನ್ನೆ ಹಿಡಿದುಕೊಂಡೇ ಇದ್ದಳು. ಎರಡೂ ಕೆನ್ನೆಗಳನ್ನು, ಸರದಿಯ ಮೇಲೆ.

ಸಂಜೆ ಜಾಜಿಯಾಳ ಅಪ್ಪ ಹಮ್ಮಾದಿ ಕೈಯಲ್ಲಿ ಲವಂಗದ ಪೊಟ್ಟಣ ಹಿಡಿದು ಬಂದ. ಪಕ್ಕದ ಮನೆಯವನು, ಒಳ್ಳೆಯ ಮನುಷ್ಯ, ಮಗುವಿನ ಹಲ್ಲು ನೋಯುತ್ತಿದೆ ಎಂದು ಮಗಳು ಹೇಳಿದ್ದಕ್ಕೆ ಓಡಿ ಬಂದಿದ್ದ. ವಸೀಲಾ ಬಾಯಿ ತೆರೆಯಬೇಕಾಯಿತು. ಹಮ್ಮಾದಿ ದೀಪ ಹಿಡಿದು ನೋಡಿದ. ಅಲ್ಲಿ ಏನೂ ಕಾಣದಿದ್ದರೂ ಅಯ್ಯೋ ಪಾಪ ಎಂದ. ಒಂದು ಲವಂಗವನ್ನು ತಾನೇ ಹಲ್ಲಿನ ಸಂದಿಗೆ ಒತ್ತಿದ. ಆವರೆಗೆ ನೋಯದಿದ್ದ ಹಲ್ಲು ಆಗ ನೋಯಿತು.

ಅಪ್ಪ ಅವನಿಗೆ ಚಹಾ ಕೊಟ್ಟು ಕೂರಿಸಿದ. ನಿನ್ನ ಪಿಕಪ್ ಕಾಣಿಸ್ತಿಲ್ಲವಲ್ಲ ಎಂದು ಮಾತಿಗೆ ಕೇಳಿದ. ಹಮ್ಮಾದಿ ಚಹಾದ ಲೋಟದೊಳಗೆ ನೋಡಿಕೊಂಡು, ಅದನ್ನು ಹೆಂಡತಿಯ ತಮ್ಮ ದೂರದ ಸ್ಫಾಕ್ಸ್ ನಗರಕ್ಕೆ ಎರವಲು ಒಯ್ದಿದ್ದಾನೆ ಎಂದ. ತಾನೂ ನಾಳೆ ಊರಲ್ಲಿರುವುದಿಲ್ಲ, ತಂಗಿಯ ಮಾವ ತೀರಿಕೊಂಡಿದ್ದಾರೆ, ಮಾತಾಡಿಸಿಕೊಂಡು ಬರಬೇಕು ಎಂದ. ಅಪ್ಪ ಲೊಚಗುಟ್ಟಿದ. ಹಮ್ಮಾದಿ ಹಲ್ಲಿನ ಬಗ್ಗೆ ಲೊಚಗುಟ್ಟಿದ. ಇಬ್ಬರೂ ಇನ್ನೊಂದೊಂದು ಲೋಟ ಚಹಾ ಕುಡಿದರು. ಹೀಗೆ ಒಂದೂ ನಿಜ ಹೇಳದೆ, ತುಂಬ ಪ್ರೀತಿಯಿಂದ, ನೆರೆಹೊರೆಯವರ ಸಂಜೆ ಕಳೆಯಿತು.

ಶನಿವಾರ ಬೆಳಿಗ್ಗೆ ಬಾಡಿಗೆ ವ್ಯಾನಿನಲ್ಲಿ ಮೂವರು ಹೊರಟರು. ಅಪ್ಪ, ವಸೀಲಾ ಮತ್ತು ಶಾದ್ಲಿ ಮಾವ. ಶಾದ್ಲಿ ಮಾವ ಅಮ್ಮನ ಅಣ್ಣ. ಹಳೇ ಗಾಡಿಗಳ ವಿಷಯದಲ್ಲಿ ಅವನಿಗಿಂತ ತಿಳಿದವರು ಇಲ್ಲ ಎಂದು ಅವನೇ ಹೇಳುತ್ತಿದ್ದ. ಅವನು ಕೊಂಡ ಗಾಡಿಗಳೆಲ್ಲ ಅವನ ಹಿತ್ತಲಲ್ಲೇ ಇವೆ, ಯಾರು ಬೇಕಾದರೂ ಹೋಗಿ ನೋಡಬಹುದು. ಒಂದರಲ್ಲಿ ಕೋಳಿ ಸಾಕಿದ್ದಾನೆ, ಒಂದರಲ್ಲಿ ಮೊಲ. ಇನ್ನೊಂದರಲ್ಲಿ ಅವನ ಹೆಂಡತಿ ಈರುಳ್ಳಿ ಒಣಗಿಸುತ್ತಾಳೆ.

ಅಜ್ಜಿ ಅಪ್ಪನ ಜೇಬಿಗೆ ದೃಷ್ಟಿ ತಾಗದಿರಲಿ ಎಂದು ಒಂದು ಹಿಡಿ ಉಪ್ಪು ಹಾಕಿ ಕಳಿಸಿದ್ದಳು. ಮಾವ ದಾರಿಯುದ್ದಕ್ಕೂ ವಸೀಲಾಗೆ ಪಿಸುಮಾತಿನಲ್ಲಿ ಪಾಠ ಹೇಳಿದ.

"ಅಲ್ಲಿ ಬಾಯಿ ಬಿಡಬೇಡ ತಾಯೀ. ಚೆನ್ನಾಗಿದೆ ಅಂತ ಅಪ್ಪಿತಪ್ಪಿಯೂ ಅನ್ನಬೇಡ. ಚೆನ್ನಾಗಿದೆ ಅಂದ್ರೆ ರೇಟು ಏರತ್ತೆ, ಕಣ್ಣೂ ತಾಗತ್ತೆ. ಯಾವುದು ಬೇಕೋ ಅದನ್ನ ಬೈಬೇಕು."

"ಬೇಡದೇ ಇದ್ದದ್ದನ್ನ?"

"ಹೊಗಳಬೇಕು. ಹೊಗಳಿ ಮುಂದೆ ಹೋಗ್ತಾ ಇರಬೇಕು."

"ಹಾಗಾದ್ರೆ ನಿಜವಾಗ್ಲೂ ಕೆಟ್ಟದಾಗಿದ್ರೆ ಏನನ್ಬೇಕು?"

ಮಾವನಿಗೆ ಈ ಪ್ರಶ್ನೆ ಇಷ್ಟವಾಗಲಿಲ್ಲ. ಹಲ್ಲು ನೋಯುವ ಮಕ್ಕಳು ಇಷ್ಟೆಲ್ಲ ಮಾತಾಡಬಾರದು ಎಂದ. ವ್ಯಾನಿನಲ್ಲಿ ಊರಿನವರು ಇನ್ನಿಬ್ಬರಿದ್ದರು. ವಸೀಲಾ ಕೆನ್ನೆ ಹಿಡಿದುಕೊಂಡಳು.

ಕುರಿ ಸಂತೆಯ ಹಿಂದಿನ ಕಲ್ಲು ಬಯಲಿನಲ್ಲಿ ಪಿಕಪ್‌ಗಳು ಸಾಲಾಗಿ ನಿಂತಿದ್ದವು. ಎಲ್ಲವೂ ಬಾನೆಟ್ ಎತ್ತಿಕೊಂಡು, ಬಾಯಿ ತೆರೆದು ಕೂತ ರೋಗಿಗಳ ಹಾಗಿದ್ದವು. ಒಂದೊಂದರ ಸುತ್ತಲೂ ನಾಲ್ಕಾರು ಗಂಡಸರು ನಿಂತು ಅದಕ್ಕೆ ಬೈಯುತ್ತಿದ್ದರು. ಮಾರುವವರು ಅದನ್ನೆಲ್ಲ ಆಶೀರ್ವಾದದ ಹಾಗೆ ಕೇಳಿಸಿಕೊಳ್ಳುತ್ತಿದ್ದರು. ಎಲ್ಲ ಗಾಡಿಗಳೂ ಸ್ಫಾಕ್ಸಿನ ಯಾರೋ ಮೇಷ್ಟರಿಗೆ ಸೇರಿದ್ದವಂತೆ. ಆ ಮೇಷ್ಟರು ಶುಕ್ರವಾರ ನಮಾಜಿಗೆ ಹೋಗುವಾಗ ಮಾತ್ರ ಗಾಡಿ ತೆಗೆಯುತ್ತಿದ್ದರಂತೆ. ಸ್ಫಾಕ್ಸಿನಲ್ಲಿ ಅಷ್ಟು ಜನ ಮೇಷ್ಟರಿದ್ದರೆ ಅಲ್ಲಿನ ಮಕ್ಕಳ ಗತಿ ಏನು ಎಂದು ವಸೀಲಾಗೆ ಅನ್ನಿಸಿತು.

ಶಾದ್ಲಿ ಮಾವ ಕೆಲಸ ಶುರು ಮಾಡಿದ. ಟೈರಿಗೆ ಒದ್ದ. ಬಾನೆಟ್ಟಿಗೆ ಕಿವಿ ಇಟ್ಟು ಕಣ್ಣು ಮುಚ್ಚಿ ಕೇಳಿದ. ಎಣ್ಣೆ ಅಳೆಯುವ ಕಡ್ಡಿ ಎಳೆದು ಮೂಸಿದ. ಅವನು ಕಿವಿ ಇಟ್ಟ ಒಂದು ಗಾಡಿಯ ಇಂಜಿನ್ನನ್ನು ಇನ್ನೂ ಚಾಲೂ ಮಾಡಿರಲಿಲ್ಲ. ಆದರೂ ಅದರ ಸದ್ದು ಸರಿಯಿಲ್ಲ ಎಂದ.

ಹಾಗೆ ಹೋಗುತ್ತ ಹೋಗುತ್ತ ಅಪ್ಪ ಒಂದು ನೀಲಿ ಪಿಕಪ್ಪಿನ ಮುಂದೆ ನಿಂತ.

ಹೊಸ ಪೇಂಟು ಫಳಫಳ ಹೊಳೆಯುತ್ತಿತ್ತು. ಇಂಜಿನ್ನನ್ನು ಸೋಪು ಹಾಕಿ ತೊಳೆದಿದ್ದರು, ಅದರೊಳಗೆ ಅನ್ನ ಬಡಿಸಿಕೊಂಡು ಉಣ್ಣಬಹುದಿತ್ತು. ಕನ್ನಡಿಗೆ ಒಣಗಿದ ಮೀನಿನ ಬಾಲ ಕಟ್ಟಿ ದೃಷ್ಟಿ ತೆಗೆದಿದ್ದರು. ಹಸಿರು ಜಾಕೆಟ್ಟಿನ ವ್ಯಾಪಾರಿ ಕೀಲಿ ತಿರುಗಿಸಿದ. ಇಂಜಿನ್ ತಾಯಿಯ ಜೋಗುಳದಂತೆ ಗುನುಗಿತು. ಮಾವ ಕಿವಿ ಇಟ್ಟ, ತಲೆದೂಗಿದ, ಅಪ್ಪನ ಕಡೆ ನೋಡಿ ಕಣ್ಣು ಮಿಟುಕಿಸಿದ.

ಅಪ್ಪ ಬೈಯಲು ಶುರು ಮಾಡಿದ. ಇದೇನು ಪೇಂಟೋ ಸುಣ್ಣವೋ ಎಂದ. ಟೈರು ಬೋಳು ತಲೆಯ ಹಾಗಿದೆ ಎಂದ. ಇದನ್ನು ಬಿಟ್ಟಿ ಕೊಟ್ಟರೂ ಮನೆಗೆ ಒಯ್ಯಲು ನಾಚಿಕೆ ಎಂದ. ಹಸುವನ್ನು ಮಾರುವಾಗ ಬಾಯಿಗೆ ಬೀಗ ಬಿದ್ದವನ ಹಾಗಿದ್ದ ಅಪ್ಪ ಇವನೇನಾ ಎಂದು ವಸೀಲಾ ನೋಡಿದಳು. ಅಪ್ಪನಿಗೆ ಈ ಗಾಡಿ ಬಹಳ ಹಿಡಿಸಿಬಿಟ್ಟಿದೆ ಎಂದು ಗೊತ್ತಾಗಲು ಅಷ್ಟು ಸಾಕಾಗಿತ್ತು.

ದೊಡ್ಡವರ ಬೈಗುಳ ಮುಗಿಯುವಂತಿರಲಿಲ್ಲ. ವಸೀಲಾ ಗಾಡಿಯ ಹಿಂದುಗಡೆಗೆ ಹೋದಳು. ಹಿಂದಿನ ಬಾಗಿಲ ಚಿಲಕಕ್ಕೆ ಕೈ ಹಾಕಿದಳು. ಅದು ಬರಲಿಲ್ಲ. ಏನೂ ಯೋಚಿಸದೆ ಬಾಗಿಲನ್ನು ಎಡಗಡೆ ತುಸು ಎತ್ತಿ, ಸೊಂಟದಿಂದ ಒಂದು ಗುದ್ದು ಕೊಟ್ಟಳು. ಬಾಗಿಲು ತೆರೆದುಕೊಂಡಿತು.

ಹುಡುಗಿ ಜಾಣೆ, ಈ ಚಿಲಕ ನನಗೇ ಬೆಳಿಗ್ಗೆಯಿಂದ ಬಂದಿಲ್ಲ ಎಂದ ವ್ಯಾಪಾರಿ.

ವಸೀಲಾ ತನ್ನ ಸೊಂಟವನ್ನು ತಾನೇ ನೋಡಿಕೊಂಡಳು. ಅದಕ್ಕೆ ಹೇಗೆ ಗೊತ್ತಾಯಿತು?

ಹಿಂದಿನ ತೊಟ್ಟಿಯಲ್ಲಿ ಬಗ್ಗಿ ನೋಡಿದಳು. ಬಲಮೂಲೆಯಲ್ಲಿ ಅಂಗೈಯಗಲದ ಹೊಸ ತಗಡು ಬೆಸೆದು ಅದರ ಮೇಲೂ ನೀಲಿ ಬಳಿದಿದ್ದರು. ಅಲ್ಲಿ ಮೊದಲು ಒಂದು ತೂತಿತ್ತು. ತೂತಿನಲ್ಲಿ ರಸ್ತೆ ಓಡುವುದು ಕಾಣುತ್ತಿತ್ತು. ಮಳೆಗಾಲದಲ್ಲಿ ಸ್ಕೂಲಿಗೆ ಹೋಗುವಾಗ ಅವಳು ಮತ್ತು ಜಾಜಿಯಾ ಅದರೊಳಗೆ ಬಾದಾಮಿ ಸಿಪ್ಪೆ ಉದುರಿಸುತ್ತಿದ್ದರು.

ಇದು ಹಮ್ಮಾದಿ ಚಿಕ್ಕಪ್ಪನ ಬಿಳಿ ಪಿಕಪ್. ನೀಲಿ ಅಂಗಿ ಹಾಕಿಕೊಂಡು ನಿಂತಿದೆ.

ಇದರಲ್ಲಿ ಕೂತು ಸ್ಕೂಲಿನ ದಿಬ್ಬದವರೆಗೆ ಆರಾಮಾಗಿ ಹೋಗುತ್ತಿದ್ದರು. ದಿಬ್ಬ ಬಂದ ಕೂಡಲೇ ಮುಂದಿನಿಂದ ಬಿಳಿ ಹೊಗೆ ಏಳುತ್ತಿತ್ತು. ಮಕ್ಕಳೆಲ್ಲ ಇಳಿಯಬೇಕು. ಹಮ್ಮಾದಿ ಬಾನೆಟ್ ಎತ್ತಿ, ಬಟ್ಟೆ ಸುತ್ತಿದ ಕೈಯಲ್ಲಿ ಮುಚ್ಚಳ ತಿರುಗಿಸಿ, ಕುದಿಯುವ ನೀರು ಆರುವವರೆಗೆ ಕಾಯುತ್ತಿದ್ದ. ಮಕ್ಕಳು ನೀರಿನ ಬಾಟಲಿ ಅವನ ಕೈಗೆ ಕೊಟ್ಟು ಮಳೆಯಲ್ಲೇ ದಿಬ್ಬ ಹತ್ತುತ್ತಿದ್ದರು. ಎಷ್ಟೋ ದಿನ ಗಾಡಿಗಿಂತ ಮೊದಲು ಇವರೇ ಸ್ಕೂಲು ಮುಟ್ಟುತ್ತಿದ್ದರು. ಟೀಚರು, ಗಾಡಿ ಇದ್ದವರೇ ಲೇಟಾಗಿ ಬರುವುದು ಯಾಕೆ ಎಂದು ಕೇಳುತ್ತಿದ್ದರು.

ಬರೀ ಮಕ್ಕಳನ್ನು ಹೊರಲಾರದ ಗಾಡಿ ಆಲಿವ್ ಚೀಲ ಹೊರುತ್ತದೆಯೇ? ಎಣ್ಣೆ ಗಾಣ ಇರುವುದೂ ದಿಬ್ಬದ ಆಚೆಗೇ.

ಅಪ್ಪನಿಗೆ ಹೇಳಬೇಕೆಂದು ಅವಳು ತಿರುಗಿದಳು. ಅಪ್ಪನ ಪಕ್ಕದಲ್ಲಿ ಇನ್ನೊಬ್ಬ ನಿಂತಿದ್ದ. ಸುಡುಬಿಸಿಲಿನಲ್ಲಿ ಉಣ್ಣೆಯ ನಿಲುವಂಗಿ ಹೊದ್ದು, ಅದರ ಕುಲಾವಿಯನ್ನು ಹುಬ್ಬಿನವರೆಗೂ ಎಳೆದುಕೊಂಡಿದ್ದ. ಅಷ್ಟು ಮುಚ್ಚಿಕೊಂಡಿದ್ದರಿಂದಲೇ ಎಲ್ಲರ ಕಣ್ಣೂ ಅವನ ಮೇಲೆ ಬೀಳುತ್ತಿತ್ತು.

ಹಮ್ಮಾದಿ ಚಿಕ್ಕಪ್ಪ.

ತಾನೂ ಒಂದು ಗಾಡಿ ನೋಡಲು, ಯಾರಿಗೂ ಹೇಳದೆ, ಬಂದಿದ್ದ. ಸಾಲಿನ ತಿರುವಿನಲ್ಲಿ ತಿಜಾನಿಗೆ ಮುಖಾಮುಖಿಯಾಗಿದ್ದ.

"ಹಲ್ಲು ಹೇಗಿದೆ?" ಎಂದು ಕೇಳಿದ ಹಮ್ಮಾದಿ.

"ದೇವರ ದಯೆ. ನಿನ್ನ ತಂಗಿ ಮಾವ?"

"ಅವರೂ ದೇವರ ದಯೆಯಿಂದ..." ಎಂದ ಹಮ್ಮಾದಿ ಅಲ್ಲಿಗೇ ನಿಲ್ಲಿಸಿದ. ಸತ್ತವರು ಎಷ್ಟರಮಟ್ಟಿಗೆ ಚೆನ್ನಾಗಿರಬಹುದು ಎಂದು ಅವನಿಗೆ ಹೊಳೆಯಲಿಲ್ಲ.

ಆಗಲೇ ಅವನ ಕಣ್ಣು ನೀಲಿ ಪಿಕಪ್ಪಿನ ಮೇಲೆ ಬಿತ್ತು. ಮುಖ ಬಣ್ಣಗೆಟ್ಟಿತು. ವ್ಯಾಪಾರಿಯ ಕಡೆ ನೋಡಿದ. ಹಮ್ಮಾದಿ ಗಾಡಿ ಮಾರಿದ್ದು ಬೇರೊಬ್ಬ ವ್ಯಾಪಾರಿಗೆ, ಇವನಿಗೆ ಹಮ್ಮಾದಿಯ ಗುರುತಿರಲಿಲ್ಲ. ಕೈಯಿಂದ ಕೈ ದಾಟಿ ಗಾಡಿ ಇಲ್ಲಿಗೆ ಬಂದಿತ್ತು. ಹಮ್ಮಾದಿ ಅಪ್ಪನ ತೋಳು ಹಿಡಿದು ತಗ್ಗಿದ ದನಿಯಲ್ಲಿ ಹೇಳಿದ, "ತಿಜಾನಿ, ಇದು ಬೇಡ. ಈ ಗಾಡಿ ಸರಿ ಇಲ್ಲ. ದಿಬ್ಬ ಹತ್ತಲ್ಲ ಇದು."

ಎಷ್ಟು ತಗ್ಗಿದ ದನಿಯಾದರೂ ಶಾದ್ಲಿ ಮಾವನ ಕಿವಿಗೆ ಬಿತ್ತು. ಅವನ ಮುಖ ಅರಳಿತು. ಅಪ್ಪನ ಇನ್ನೊಂದು ತೋಳು ಹಿಡಿದು ಎಳೆದು ಪಿಸುಗುಟ್ಟಿದ. "ಕೇಳಿದ್ಯಾ ಭಾವ? ಹೆಂಗೆ ಬೈತಾ ಇದಾನೆ ನೋಡು. ಇವನಿಗೆ ಇದು ಬೇಕು. ನೀನು ಬಿಟ್ಟು ಆಚೆ ಹೋಗಲಿ ಅಂತ ಕಾಯ್ತಾ ಇದಾನೆ. ತಡ ಮಾಡಬೇಡ."

ಮಾವನನ್ನು ತಪ್ಪು ಅನ್ನುವಂತಿರಲಿಲ್ಲ. ಆ ಬಯಲಿನಲ್ಲಿ ಬೆಳಗಿನಿಂದ ಬೈದವರೆಲ್ಲ ಬೇಕು ಎಂದೇ ಬೈದವರು. ಅಪ್ಪನೂ ಈಗಷ್ಟೇ ಅದನ್ನೇ ಮಾಡಿದ್ದ.

ಹಮ್ಮಾದಿ ಮತ್ತೆ ಹೇಳಿದ. "ದೇವರಾಣೆ ತಿಜಾನಿ, ನನ್ನ ಮಾತು ಕೇಳು. ಇದನ್ನ ತಗೋಬೇಡ."

ಆಣೆ ಬೇರೆ ಇಟ್ಟ. ಸಂತೆಯಲ್ಲಿ ಆಣೆ ಇಟ್ಟು ಬೈದರೆ ಅವನಿಗೆ ಆ ಗಾಡಿ ಇಲ್ಲದೆ ನಿದ್ದೆಯೇ ಬರುವುದಿಲ್ಲ ಎಂದು ಲೆಕ್ಕ. ವ್ಯಾಪಾರಿಗೆ ಖುಷಿಯೋ ಖುಷಿ. ಒಂದು ಗಾಡಿಗೆ ಇಬ್ಬರು ಬೈಯುವವರು ಸಿಕ್ಕಿದ್ದರು. ಇವರು ಬಿಟ್ಟರೆ ಅವರಿಗೆ ಕೊಡ್ತೀನಿ, ಯಾರು ಮೊದಲು ಕೈ ಕೊಡ್ತೀರಿ ಎಂದು ಕೈ ಚಾಚಿದ.

ಅಪ್ಪ ಕೈ ಎತ್ತಿದ.

ಕೈಗೆ ಕೈ ಬಿದ್ದು ಕುರಾನಿನ ಫಾತಿಹಾ ಓದಿಬಿಟ್ಟರೆ ವ್ಯಾಪಾರ ಮುಗಿದ ಹಾಗೆ. ಆಮೇಲೆ ಬೇಡ ಅಂದವನನ್ನು ನಮ್ಮ ಕಡೆ ಯಾರೂ ಮನುಷ್ಯ ಎನ್ನುವುದಿಲ್ಲ. ವಸೀಲಾ ಹಮ್ಮಾದಿಯ ಮುಖ ನೋಡಿದಳು. ಹಣೆಯ ಮೇಲೆ ಬೆವರಿತ್ತು. ಇನ್ನೇನೋ ಹೇಳಲು ಬಾಯಿ ತೆರೆದ, ಸುತ್ತ ನಿಂತ ಜನರನ್ನು ನೋಡಿ ಮುಚ್ಚಿದ.

ಇದು ಚಿಕ್ಕಪ್ಪನ ಗಾಡಿ ಎಂದು ಇಲ್ಲೇ ಕೂಗಿ ಹೇಳಿದರೆ? ಅಪ್ಪನ ಹಸುವಿನ ದುಡ್ಡು ಉಳಿಯುತ್ತದೆ. ಕೆಟ್ಟ ಗಾಡಿ ಮುಚ್ಚಿ ಮಾರಿದವನು ಎಂಬ ಹೆಸರು ಹೊತ್ತು ಚಿಕ್ಕಪ್ಪ ನಾಳೆಯಿಂದ ಈ ಸಂತೆಗೆ ಬರುವಂತಿಲ್ಲ. ಜಾಜಿಯಾ ನಾಳೆಯಿಂದ ತನ್ನ ಜೊತೆ ಸ್ಕೂಲಿಗೆ ಬರುವುದಿಲ್ಲ.

ವಸೀಲಾ ಎರಡೂ ಕೆನ್ನೆಗಳನ್ನು ಹಿಡಿದುಕೊಂಡು ಜೋರಾಗಿ ಅತ್ತಳು.

"ಅಪ್ಪಾ, ಹಲ್ಲು. ತುಂಬ ನೋಯ್ತಿದೆ. ಬಾ ಇಲ್ಲಿ."

ಅಪ್ಪ ಬೆಪ್ಪಾದ. ಆ ಹಲ್ಲುನೋವನ್ನು ಮನೆಯವರೆಲ್ಲ ಕೂತು ತಯಾರಿಸಿದ್ದು ಅವನಿಗೆ ನೆನಪಿತ್ತು. ಆದರೆ ಸುತ್ತಲಿನ ಜನ, ಪಾಪ ಮಗು, ಮೊದಲು ಅವಳನ್ನು ನೋಡಪ್ಪಾ ಎಂದರು. ಎತ್ತಿದ ಕೈಯನ್ನು ಇಳಿಸಿ ಅವಳ ಜೊತೆ ಗಾಡಿಯ ಹಿಂದುಗಡೆ ಹೋಗದೆ ಬೇರೆ ದಾರಿ ಇರಲಿಲ್ಲ.

ಅಲ್ಲಿ ಅವಳು ಅಳುವುದನ್ನು ಫಟ್ಟನೆ ನಿಲ್ಲಿಸಿದಳು. ಅವನ ಕಿವಿ ಹಿಡಿದು ಬಗ್ಗಿಸಿ, ತಗಡಿನ ತೇಪೆ ತೋರಿಸಿ, ಚಿಲಕದ ಗುದ್ದು ತೋರಿಸಿ, ದಿಬ್ಬದ ಕತೆ ಹೇಳಿದಳು.

ಅಪ್ಪ ತೇಪೆಯ ಮೇಲೆ ಹೆಬ್ಬೆರಳಾಡಿಸಿದ. ತಿರುಗಿ ಹಮ್ಮಾದಿಯನ್ನು ನೋಡಿದ. ಹಮ್ಮಾದಿ ನೆಲ ನೋಡುತ್ತಿದ್ದ. ಈಗ ಅಪ್ಪ ಏನೆಂದು ಕೂಗುತ್ತಾನೋ ಎಂದು ವಸೀಲಾ ಅವನ ಅಂಗಿ ಹಿಡಿದುಕೊಂಡಳು.

ಅಪ್ಪ ವ್ಯಾಪಾರಿಯ ಹತ್ತಿರ ಹೋದ. ಬಾನೆಟ್ಟನ್ನು ಪ್ರೀತಿಯಿಂದ ತಟ್ಟಿದ.

"ಬಹಳ ಚೆನ್ನಾಗಿದೆ ಅಣ್ಣಾ ಗಾಡಿ," ಎಂದ. "ಇಂಥ ಪೇಂಟು ನಾನು ನೋಡೇ ಇಲ್ಲ. ಇಂಜಿನ್ನೂ ಬಂಗಾರದಂಥದ್ದು. ದೇವರು ನಿಂಗೆ ಇದರಲ್ಲಿ ಒಳ್ಳೇದು ಮಾಡಲಿ."

ವ್ಯಾಪಾರಿಯ ಮುಖ ಜೋತುಬಿತ್ತು. ಒಬ್ಬ ಮನುಷ್ಯ ಸಂತೆಯಲ್ಲಿ ಇಷ್ಟು ಹೊಗಳಿದ ಎಂದರೆ ಅವನು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಚಾಚಿದ ಕೈಯನ್ನು ಹಸಿರು ಜಾಕೆಟ್ಟಿನ ಜೇಬಿಗೆ ತುರುಕಿಕೊಂಡ. ಶಾದ್ಲಿ ಮಾವ ತಲೆ ಚಚ್ಚಿಕೊಂಡ. ಬಂಗಾರ ಎಂದು ನೀನೇ ಹೇಳಿ ನೀನೇ ಬಿಟ್ಟೆಯಲ್ಲ ಭಾವ ಎಂದು ಮುಂದಿನ ಸಾಲು ಮುಗಿಯುವವರೆಗೂ ಗೊಣಗಿದ.

ಅಪ್ಪ ಹಮ್ಮಾದಿಗೆ ಬೇರೇನೂ ಹೇಳಲಿಲ್ಲ. "ಬಂದಿದ್ದೀಯಲ್ಲ, ನೀನೂ ಜೊತೆಗೆ ನೋಡು ಬಾ," ಎಂದ ಅಷ್ಟೇ. ಹಮ್ಮಾದಿ ಕುಲಾವಿ ಹಿಂದಕ್ಕೆ ಸರಿಸಿದ. ಅಷ್ಟು ಹೊತ್ತು ಅದರೊಳಗೆ ಬೆಂದುಹೋಗಿದ್ದ.

ಸಾಲಿನ ಕೊನೆಯಲ್ಲಿ ಒಂದು ಬೂದು ಪಿಕಪ್ ಇತ್ತು. ಅದನ್ನು ಯಾರೂ ತೊಳೆದಿರಲಿಲ್ಲ. ತೊಟ್ಟಿಯಲ್ಲಿ ಆ ಬೆಳಗಿನ ಕುರಿ ಹಿಕ್ಕೆ ಇನ್ನೂ ಹಸಿಯಾಗಿತ್ತು. ಪಕ್ಕದ ಕಲ್ಲಿನ ಮೇಲೆ ಅದರ ಒಡತಿ ಮಹ್ಬೂಬಾ ಎಂಬ ಮುದುಕಿ ಕೂತು ರೊಟ್ಟಿಗೆ ಮೆಣಸಿನ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದಳು.

ಅಪ್ಪ ಅಭ್ಯಾಸಬಲದಿಂದ ಬೈಯಲು ಶುರು ಮಾಡಿದ. ಬಾಗಿಲಿಗೆ ತುಕ್ಕು ಹಿಡಿದಿದೆ ಎಂದ.

"ಎರಡಕ್ಕೂ ಹಿಡಿದಿದೆ," ಎಂದಳು ಮುದುಕಿ. "ಆ ಕಡೆ ಬಾಗಿಲು ನೀನು ನೋಡೇ ಇಲ್ಲ. ಎರಡನೇ ಗೇರು ಬೈಸಿಕೊಂಡೇ ಬೀಳೋದು. ಹಾರ್ನ್ ಇಲ್ಲ, ನಾನೇ ಕೂಗ್ತೀನಿ. ಇನ್ನೇನಿದೆ... ಹಾಂ, ಎಡಗಡೆ ದೀಪ ಒಮ್ಮೊಮ್ಮೆ ಮಾತ್ರ ಹತ್ತತ್ತೆ. ಬೇರೆ ಏನಾದ್ರೂ ಸಿಕ್ಕಿದ್ರೆ ನಂಗೂ ಹೇಳು."

ಅಪ್ಪನಿಗೆ ಬೈಯಲು ಏನೂ ಉಳಿಯಲಿಲ್ಲ. ಯಾಕೆ ಮಾರ್ತಾ ಇದ್ದೀರಿ ತಾಯಿ ಎಂದು ಕೇಳಿದ. ಗಾಡಿಗೆ ಏನೂ ಆಗಿಲ್ಲ, ನನ್ನ ಮಂಡಿಗೆ ವಯಸ್ಸಾಗಿದೆ, ಕ್ಲಚ್ ಒತ್ತಕ್ಕಾಗಲ್ಲ ಎಂದಳು.

ಈಗ ಹಮ್ಮಾದಿ ಮುಂದೆ ಬಂದ. ಕುರಿ ಸಂತೆಯ ಹಿಂದಿನ ಗುಡ್ಡಕ್ಕೆ ಹತ್ತಿಸಿ ತೋರಿಸ್ತೀರಾ ಎಂದು ಕೇಳಿದ. ಮುದುಕಿ ರೊಟ್ಟಿಯನ್ನು ಬಾಯಲ್ಲೇ ಕಚ್ಚಿಕೊಂಡು ಎದ್ದಳು. ಎಲ್ಲರೂ ಹತ್ತಿ, ಭಾರ ಇಲ್ಲದೆ ಏನು ಗೊತ್ತಾಗತ್ತೆ ಎಂದಳು. ಅಪ್ಪ, ಹಮ್ಮಾದಿ, ವಸೀಲಾ ಹತ್ತಿದರು. ಸುಮ್ಮನೆ ನಿಂತು ನೋಡುತ್ತಿದ್ದವರೂ ಹತ್ತಿದರು. ಶಾದ್ಲಿ ಮಾವ ತನ್ನ ಬಿಳಿ ಪ್ಯಾಂಟು ನೋಡಿಕೊಂಡು, ಕೆಳಗಿನಿಂದಲೇ ಸದ್ದು ಕೇಳ್ತೀನಿ ಎಂದ.

ಗಾಡಿ ಕೆಮ್ಮಿತು, ನರಳಿತು. ಎರಡನೇ ಗೇರಿಗೆ ಮುದುಕಿ ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಅಷ್ಟೂ ಜನರನ್ನು ಹೊತ್ತು ಗುಡ್ಡದ ನೆತ್ತಿಗೆ ಹೋಗಿ ನಿಂತಿತು. ಹಮ್ಮಾದಿ ಎಲ್ಲರಿಗಿಂತ ಮೊದಲು ಇಳಿದು ಬಾನೆಟ್ ಎತ್ತಿ, ರೇಡಿಯೇಟರ್ ಮೇಲೆ ಅಂಗೈ ಇಟ್ಟ. ಇಟ್ಟು ಸ್ವಲ್ಪ ಹೊತ್ತು ತೆಗೆಯಲಿಲ್ಲ.

"ತಗೋ ತಿಜಾನಿ," ಎಂದ.

ಕೈಗೆ ಕೈ ಬಿತ್ತು, ಫಾತಿಹಾ ಓದಿದರು, ಕಾಗದಕ್ಕೆ ಮೊಹರೂ ಬಿತ್ತು. ಹಸುವಿನ ದುಡ್ಡು ಮುದುಕಿಯ ಸೆರಗಿನ ಗಂಟು ಸೇರಿತು. ಊರಿಗೆ ಹೊರಡುವ ಹೊತ್ತಿಗೆ ಈ ಗಾಡಿಯನ್ನು ಆರಿಸಿದ್ದು ತಾನೇ ಎಂದು ಶಾದ್ಲಿ ಮಾವ ಇಬ್ಬರಿಗೆ ಹೇಳಿಯಾಗಿತ್ತು. ಸದ್ದು ಕೇಳಿದ ಕೂಡಲೇ ಗೊತ್ತಾಯಿತಂತೆ.

ಮಾವ ಅಪ್ಪನ ಪಕ್ಕದಲ್ಲಿ ಕೂತ. ಹಮ್ಮಾದಿಗೆ ಆ ದಿನ ತನಗೆ ಬೇಕಾದ ಗಾಡಿ ಸಿಗಲಿಲ್ಲ. ಅವನು ವಸೀಲಾಳ ಜೊತೆ ಹಿಂದಿನ ತೊಟ್ಟಿಯಲ್ಲಿ ಕೂತು ಬಂದ. ಪಟ್ಟಣದ ಕೊನೆಯ ಅಂಗಡಿಗಳು ಹಿಂದೆ ಸರಿದವು. ಗಾಳಿ ಜೋರಾಗಿತ್ತು.

"ನಿಮ್ಮಪ್ಪಂಗೆ ನೀನೇ ಹೇಳಿದ್ದಾ?" ಎಂದು ಹಮ್ಮಾದಿ ಕೇಳಿದ.

ವಸೀಲಾ ಹೌದೆಂದು ತಲೆಯಾಡಿಸಿದಳು.

"ನಾನೂ ಹೇಳ್ದೆ."

"ಕೇಳಿಸ್ಕೊಂಡೆ ಚಿಕ್ಕಪ್ಪ. ಎರಡು ಸಲ ಹೇಳಿದ್ರಿ."

ಎರಡು ಸಲ ಹೇಳಿದ್ದ, ಯಾರೂ ನಂಬಿರಲಿಲ್ಲ. ನಂಬುವ ಹಾಗೆ ಮೂರನೆಯ ಸಲ ಹೇಳಬೇಕಾಗಿದ್ದರೆ ಅವನು ತನ್ನ ಹೆಸರನ್ನೂ ಅದರ ಜೊತೆ ಹೇಳಬೇಕಿತ್ತು. ವಸೀಲಾ ಅದನ್ನು ಯೋಚಿಸುತ್ತ ಕೂತಿದ್ದಳು. ಆ ಬಯಲಿನಲ್ಲಿ ಇನ್ನೂ ಹೊಳೆಯುತ್ತ ನಿಂತಿರುವ ಪಿಕಪ್ ಅವಳ ಕಣ್ಣಮುಂದೆ ಬಂತು.

"ಆ ನೀಲಿ ಗಾಡಿ ಈಗ ಯಾರ್ ತಗೋತಾರೆ ಚಿಕ್ಕಪ್ಪ?"

ಅವಳು ಚುಚ್ಚಬೇಕೆಂದು ಕೇಳಿದ್ದಲ್ಲ. ಗೊತ್ತಿರಲಿಲ್ಲ, ಕೇಳಿದಳು. ರಸ್ತೆಯ ಎರಡೂ ಬದಿಗೆ ಯಾರು ಯಾರದೋ ಆಲಿವ್ ಮರಗಳು, ಕೊಂಬೆ ತುಂಬ ಕಾಯಿ ಹೊತ್ತು, ಒಂದರ ಹಿಂದೆ ಒಂದು ಹೋಗುತ್ತಿದ್ದವು. ಹಮ್ಮಾದಿ ಅವುಗಳನ್ನೇ ನೋಡುತ್ತಿದ್ದ.

ಸ್ವಲ್ಪ ಹೊತ್ತಾದ ಮೇಲೆ ಎದ್ದು ಮುಂದಿನ ತಗಡಿಗೆ ಬಡಿದ. ಅಪ್ಪ ಗಾಡಿ ನಿಲ್ಲಿಸಿದ. ಹಮ್ಮಾದಿ ಇಳಿದು, ನೀವು ಹೋಗಿರಿ, ಸಂತೆಯಲ್ಲಿ ಒಂದು ಕೆಲಸ ಬಿಟ್ಟು ಬಂದಿದ್ದೀನಿ, ಸಂಜೆ ವ್ಯಾನಿಗೆ ಬರ್ತೀನಿ ಎಂದ. ಅಪ್ಪ ಕಿಟಕಿಯಿಂದ ಅವನನ್ನು ನೋಡಿ, ಆಗಲಿ ಎಂದ. ಹಮ್ಮಾದಿ ಪಟ್ಟಣದ ಕಡೆ ತಿರುಗಿ ನಡೆದ. ಕುಲಾವಿ ಬೆನ್ನ ಮೇಲೆ ಬಿದ್ದಿತ್ತು, ಅದನ್ನು ಮೇಲಕ್ಕೆ ಎಳೆದುಕೊಳ್ಳಲಿಲ್ಲ.

ಶಾದ್ಲಿ ಮಾವ ತೊಡೆ ತಟ್ಟಿಕೊಂಡು ನಕ್ಕ.

"ನೋಡಿದ್ಯಾ ಭಾವ? ನಾನು ಹೇಳ್ಲಿಲ್ವಾ ಅವನಿಗೆ ಅದರ ಮೇಲೆ ಕಣ್ಣು ಅಂತ. ಕೊಳ್ಳಕ್ಕೇ ಹೋಗ್ತಾ ಇದಾನೆ."

ವಸೀಲಾ ಬಾಯಿ ತೆರೆದಳು. ಆಮೇಲೆ ಮುಚ್ಚಿದಳು. ಆ ಗಾಡಿ ಯಾರದೆಂದು ಹೇಳಬೇಕಾದವನು ರಸ್ತೆಯಂಚಿನಲ್ಲಿ, ಬಿಸಿಲಿನಲ್ಲಿ, ಸಂತೆಯ ಕಡೆ ನಡೆದು ಹೋಗುತ್ತಿದ್ದ.